‘ಗುಂಪು ಘರ್ಷಣೆ’ ಎಂಬ ಸುಳ್ಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುದ್ದಿಗಳನ್ನು ಟೀ ಅಂಗಡಿ ಬೆಂಚಿನ ಮೇಲೆ ಓದುವ ನಮಗೆ ಒಂದು ಸಾಲು ಬಾಯಿಪಾಠವಾಗಿದೆ: ‘ಎರಡು ಗುಂಪುಗಳ ನಡುವೆ ಘರ್ಷಣೆ, ಪರಿಸ್ಥಿತಿ ಹತೋಟಿಯಲ್ಲಿ.’ ಕೇರಿಗೆ ನುಗ್ಗಿ ಹೊಡೆದವರೂ ಒಂದು ಗುಂಪು, ಹೊಡೆಸಿಕೊಂಡವರೂ ಒಂದು ಗುಂಪು. ತಕ್ಕಡಿ ಸರಿಯಾಯ್ತಲ್ಲ! ಆಮೇಲೆ ಅಂಗಡೀಲಿ ಸಾಮಾನು ಕೊಡಲ್ಲ, ಮಿಲ್ಲಲ್ಲಿ ಹಿಟ್ಟು ಬೀಸಲ್ಲ, ಹೊಗೆಸೊಪ್ಪು ಮುರಿಯೋಕೆ ಕೂಲಿಗೆ ಕರೆಯಲ್ಲ. ಅದು ಸುದ್ದಿಯಲ್ಲ, ರಕ್ತ ಹರಿದಿಲ್ಲವಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಇಂಥ ಬಹಿಷ್ಕಾರವನ್ನು ಅಪರಾಧವೆಂದು ಹೇಳುತ್ತದೆ. ಪತ್ರಿಕೆ ಅದನ್ನು ಊರಿನ ‘ಮುನಿಸು’ ಎನ್ನುತ್ತದೆ.

ಇದೇ ಪತ್ರಿಕೆಗಳು ಒಂದೇ ಪದವನ್ನು ಹಿಡಿದು ಬೆಂಕಿ ಹಚ್ಚಬಲ್ಲವು ಅನ್ನುವುದನ್ನೂ ಮೈಸೂರು ಕಂಡಿದೆ. 1973ರ ನವೆಂಬರ್. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿ. ಅವರ ಸಂಪುಟದ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ‘ಬೂಸಾ’ ಊರೂರು ತಿರುಗಿತು, ಅವರು ಹಾಗೇಕೆ ಅಂದರು ಅನ್ನೋದು ಹಿಂದೆಯೇ ಉಳಿಯಿತು. ದಲಿತ ಹುಡುಗರು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ನಮ್ಮ ಚಳವಳಿ, ನಮ್ಮ ಸಣ್ಣ ಪತ್ರಿಕೆಗಳು ಬಲ ಪಡೆದದ್ದು ಆ ಏಟಿನಿಂದಲೇ. ಬಾಬಾಸಾಹೇಬರು 1920ರಲ್ಲೇ ‘ಮೂಕನಾಯಕ’ ಯಾಕೆ ತಂದರು ಅಂತ ನಮಗೆ ಅರ್ಥವಾದದ್ದೂ ಆಗಲೇ.

ಜಾತಿಯ ಹೆಸರು ಬರೆದರೆ ಗಲಭೆ ಹಬ್ಬುತ್ತೆ ಅಂತಾರೆ ವರದಿಗಾರರು. ಈ ಮಾತನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. 1986ರ ಡಿಸೆಂಬರಿನಲ್ಲಿ ಡೆಕ್ಕನ್ ಹೆರಾಲ್ಡಿನಲ್ಲಿ ಬಂದ ಒಂದು ಕತೆಯ ನೆಪದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆಣ ಬಿದ್ದವು. ಎಚ್ಚರ ಬೇಕು. ಆದರೆ ಹೊಡೆದವನನ್ನು ಮರೆಮಾಚುವುದು ಎಚ್ಚರವಲ್ಲ. ತಾಲ್ಲೂಕು ವರದಿಗಾರನ ಪಾಡೂ ನಮಗೆ ಗೊತ್ತು: ಸಂಬಳ ಅಷ್ಟಕ್ಕಷ್ಟೆ, ಹಬ್ಬದ ಜಾಹೀರಾತು ಕೊಡುವವನು ಅದೇ ಊರ ಯಜಮಾನ. ನಾವೂ ಸಾಚಾಗಳಲ್ಲ. ಹಾಡಿಯ ಜೇನುಕುರುಬರ ಬಗ್ಗೆ ಹಾಡಿಗೆ ಕಾಲಿಡದೆ ಬರೆದಿದ್ದೇವೆ.

ಇನ್ನು ಶಾಂತಿ ಸಭೆ. ತಹಸೀಲ್ದಾರರು, ಪೊಲೀಸರು, ಮುಖಂಡರು, ಹೂವಿನ ಹಾರ, ಮಾರನೆ ದಿನ ಪಟ. ಅಂಥದೊಂದು ಪಟವನ್ನು ನಾವು ಕೇರಿಯಲ್ಲಿ ತೋರಿಸಿದಾಗ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, ‘ನಾವೆಲ್ಲಿದ್ದೀವಿ ಸಾ ಇದ್ರಲ್ಲಿ?’ ಅಂದರು. ಅವರು ಸಭೆಯ ಬಾಗಿಲಾಚೆ ನಿಂತಿದ್ದರು.

ಮೇಷ್ಟ್ರುಗಳೆ, ಹಾಸ್ಟೆಲ್ಲಿನ ಗೆಳೆಯರೆ, ಶಾಂತಿ ಸಭೆ ಆದ ಎಂಟು ದಿನಕ್ಕೆ ಕೇರಿಗೆ ಹೋಗಿ. ಅಂಗಡಿಯವನು ಉಪ್ಪು ಕೊಟ್ಟನೆ, ಕೂಲಿಗೆ ಕರೆದರೆ, ದೂರು ದಾಖಲಾಯಿತೆ ಅಂತ ಕೇಳಿ ಬರೆದು ಕಳಿಸಿ.