ಹದಿನಾರರ ಲೆಕ್ಕಕ್ಕೆ ಬಾರದವರು

ನಾನು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೋದ ವರ್ಷ ಒಂದು ಮಾತು ಕೇಳಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಅನಂತಮೂರ್ತಿಯವರ 'ಸಂಸ್ಕಾರ' ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು, "ಸಾರ್, ಹೊಲಗೇರೀಲಿ ಸತ್ತೋರಿಗೆ ಸಂಸ್ಕಾರ ಯಾರು ಮಾಡಿದ್ರು?" ಎಂದು ಕೇಳಿದನಂತೆ. ತರಗತಿ ಮುಗಿಸಿ ಬಂದ ಅವರು, "ಸಂಸ್ಕಾರ ಇಲ್ದಿರೋ ಮನೆಯಿಂದ ಬಂದೋವ್ರು, ಇನ್ನೇನು ಕೇಳ್ತಾರೆ" ಎಂದರು. ನಾನೂ ಅಂಥದೇ ಮನೆಯಿಂದ ಬಂದವನು. ಆದರೆ ಅತಿಥಿ ಉಪನ್ಯಾಸಕ. ಬಾಯಿ ಬಿಟ್ಟರೆ ಮುಂದಿನ ವರ್ಷದ ಪಾಠಕ್ಕೆ ಕುತ್ತು. ಸುಮ್ಮನಿದ್ದೆ. ಆವತ್ತು ನುಂಗಿಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಹದಿನಾರು ಸಂಸ್ಕಾರಗಳು. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ನಾಲ್ಕು ಆಶ್ರಮಗಳು. ನಮ್ಮ ಪಠ್ಯಗಳು ಇವನ್ನು 'ಮಾನವ ಜೀವನದ ಹಂತಗಳು' ಎಂದೇ ಹೇಳಿಕೊಟ್ಟಿವೆ. ಯಾವ ಮಾನವ ಎಂದು ನಾವು ಕೇಳಲಿಲ್ಲ. ಗೌತಮ ಧರ್ಮಸೂತ್ರ ನಲವತ್ತು ಸಂಸ್ಕಾರ ಎಣಿಸುತ್ತದೆ. ಲೆಕ್ಕ ಬೇರೆಯಾದರೂ ಒಳಗೆ ಯಾರು, ಹೊರಗೆ ಯಾರು ಎಂಬುದು ಬದಲಾಗಲಿಲ್ಲ. ಮನು ಮಗುವಿಗೆ ಹೆಸರಿಡುವಾಗಲೇ ಬ್ರಾಹ್ಮಣನಿಗೆ ಮಂಗಳದ ಹೆಸರು, ಶೂದ್ರನಿಗೆ ಹೇಸಿಗೆ ಹುಟ್ಟಿಸುವ ಹೆಸರು ಎಂದು ವಿಧಿಸುತ್ತಾನೆ. ಶೂದ್ರ ಸಂಸ್ಕಾರಕ್ಕೆ ಅರ್ಹನಲ್ಲ ಎನ್ನುತ್ತಾನೆ. ಅಂಬೇಡ್ಕರ್ 1946ರಲ್ಲಿ ಶೂದ್ರರು ಯಾರು ಎಂದು ಹುಡುಕುತ್ತಾ ಹೋದಾಗ ಕೈ ಇಟ್ಟದ್ದು ಕೂಡ ಒಂದು ಸಂಸ್ಕಾರದ ಮೇಲೇ: ಉಪನಯನವನ್ನು ನಿರಾಕರಿಸಿದ್ದರಿಂದಲೇ ಶೂದ್ರರು ಕೆಳಗೆ ಬಿದ್ದರು ಎಂಬುದು ಅವರ ವಾದ. ಶೂದ್ರನ ಗತಿಯೇ ಹೀಗಿದ್ದರೆ ಚಂಡಾಲನದು? ಅವನಿಗೆ ಮನು ಕೊಟ್ಟದ್ದು ಊರಾಚೆಯ ವಾಸ, ಹೆಣದ ಮೇಲಿನ ಬಟ್ಟೆ, ದಿಕ್ಕಿಲ್ಲದ ಹೆಣ ಹೊರುವ ಕೆಲಸ. ಅಂದರೆ ಸಂಸ್ಕಾರದಿಂದ ಅವನನ್ನು ಪೂರ್ತಿ ಹೊರಗಿಡಲಿಲ್ಲ. ಇನ್ನೊಬ್ಬರ ಸಂಸ್ಕಾರದಲ್ಲಿ ದುಡಿಯಲಿಕ್ಕೆ ಇಟ್ಟುಕೊಂಡರು.

ನಮ್ಮ ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಇದಕ್ಕೆ ಗ್ರಂಥ ಬೇಕಿರಲಿಲ್ಲ. ಊರೊಳಗೆ ಮದುವೆಯಾದರೆ ಚಪ್ಪರಕ್ಕೆ ಸೊಪ್ಪು ತರುವವರು ನಾವು. ಸತ್ತರೆ ನೆಂಟರೂರಿಗೆ ಸುದ್ದಿ ಹೊತ್ತು ನಡೆಯುವವರು, ಗುಂಡಿ ತೋಡುವವರು, ಹೆಣದ ಮುಂದೆ ತಮಟೆ ಬಡಿಯುವವರು ನಾವು. ನನ್ನಪ್ಪ ಊರಿನ ಎಲ್ಲರ ಬದುಕಿನ ಎಲ್ಲ ಹಂತಗಳಲ್ಲೂ ಹಾಜರಿದ್ದ. ಅವನ ಬದುಕಿನ ಯಾವ ಹಂತಕ್ಕೂ ಊರು ಹಾಜರಿರಲಿಲ್ಲ.

ಈಗ ಕಾದಂಬರಿಗೆ ಬರುತ್ತೇನೆ. 1965ರ 'ಸಂಸ್ಕಾರ'ದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಆಚಾರ ಬಿಟ್ಟವನ ಶವಕ್ಕೆ ಸಂಸ್ಕಾರ ಯಾರು ಮಾಡಬೇಕು? ಅಗ್ರಹಾರ ಹಸಿದು ಕೂತಿದೆ. ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿಯ ಮುಂದೆ ಕಾಯುತ್ತಾರೆ, ಕಾಡಿನಲ್ಲಿ ಚಂದ್ರಿಯನ್ನು ಕೂಡಿ ತಾವೇ ಬೇರೆಯವರಾಗುತ್ತಾರೆ. ಅತ್ತ ಅದೇ ಪ್ಲೇಗಿಗೆ ಹೊಲಗೇರಿಯಲ್ಲೂ ಜನ ಸಾಯುತ್ತಾರೆ. ಗುಡಿಸಲಿಗೆ ಬೆಂಕಿ ಇಟ್ಟು ಮುಗಿಸುತ್ತಾರೆ. ಅಲ್ಲಿ ಧರ್ಮಸಂಕಟವಿಲ್ಲ, ಗ್ರಂಥವಿಲ್ಲ, ಕಾಯುವುದೂ ಇಲ್ಲ. ಒಂದು ಹೆಣಕ್ಕೆ ಇಡೀ ಕಾದಂಬರಿ; ಉಳಿದ ಹೆಣಗಳಿಗೆ ಕೆಲವೇ ಸಾಲು.

ಇದು ಲೇಖಕರ ಮೇಲಿನ ಸಿಟ್ಟಿನ ಮಾತಲ್ಲ. ಆ ಬೆಂಕಿಯನ್ನು ಅಲ್ಲಿಟ್ಟವರು ಅವರೇ. ನಾರಣಪ್ಪನ ಹೆಣ ಕೊನೆಗೆ ಸುಟ್ಟದ್ದು ಚಂದ್ರಿ ಮತ್ತು ಅಹಮದ್ ಬ್ಯಾರಿ, ಯಾವ ಮಂತ್ರವೂ ಇಲ್ಲದೆ, ಎಂದು ಬರೆದವರೂ ಅವರೇ. ಕಾದಂಬರಿ ಕಂಡದ್ದನ್ನು ನಮ್ಮ ಓದು ಕಾಣಲಿಲ್ಲ ಎಂಬುದು ನನ್ನ ತಕರಾರು. ಬೇರೆಯವರ ಮಾತೇಕೆ? ಎಂ.ಎ. ಪರೀಕ್ಷೆಯಲ್ಲಿ ಈ ಕಾದಂಬರಿಯ ಬಗ್ಗೆ ನಾನು ಎಂಟು ಪುಟ ಬರೆದೆ. ಅಸ್ತಿತ್ವವಾದ, ವ್ಯಕ್ತಿಯ ಆಯ್ಕೆ, 'ಆಧುನಿಕ ಮನುಷ್ಯನ ಬಿಕ್ಕಟ್ಟು' ಎಲ್ಲ ಬಂತು. ಸುಟ್ಟ ಗುಡಿಸಲ ಬಗ್ಗೆ ಒಂದು ಸಾಲೂ ಬರಲಿಲ್ಲ. ಒಳ್ಳೇ ಅಂಕ ಬಿತ್ತು. ಯಾರ ಕಣ್ಣಿನಿಂದ ಓದಿದರೆ ಅಂಕ ಬೀಳುತ್ತದೆ ಎಂಬುದು ನನಗೆ ಆ ಹೊತ್ತಿಗೇ ಗೊತ್ತಿತ್ತು.

ಆಶ್ರಮಗಳ ಕತೆಯೂ ಇಷ್ಟೇ. ಮನೆ, ಮಠ ಮಗನಿಗೆ ಒಪ್ಪಿಸಿ ಕಾಡಿಗೆ ಹೋಗುವುದು ವಾನಪ್ರಸ್ಥ. ಒಪ್ಪಿಸಲಿಕ್ಕೆ ಏನಾದರೂ ಇದ್ದವನಿಗೆ ಈ ಮಾತು. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನು ನೋಡಿ. ಆ ವಯಸ್ಸಿನಲ್ಲಿ ಅವಳು ಹುಡುಕುತ್ತಿರುವುದು ಕಳೆದುಹೋದ ಹುಂಜವನ್ನು, ಮೋಕ್ಷವನ್ನಲ್ಲ. ಮನೆ ಮಂದಿಯೆಲ್ಲ ಕೂತು ಕದ್ದ ಕಡಲೆಕಾಯಿ ತಿಂದು ಮುಗಿಸುವ ರಾತ್ರಿ ಅಲ್ಲಿಯ ದೊಡ್ಡ ಹಬ್ಬ. ಆಮೇಲೆ ಪೋಲೀಸರು ಬರುತ್ತಾರೆ. ನಾಲ್ಕರಲ್ಲಿ ಇದು ಯಾವ ಆಶ್ರಮ? ನನ್ನಪ್ಪ ಬ್ರಹ್ಮಚಾರಿಯಾಗಬೇಕಾದ ವಯಸ್ಸಿನಲ್ಲಿ ಗೌಡರ ಮನೆಯ ಜೀತದಾಳು. 1976ರಲ್ಲಿ ಜೀತ ರದ್ದತಿಯ ಕಾಯ್ದೆ ಬಂತು. ಅವನ ಪಾಲಿಗೆ ಅದೇ ಸಮಾವರ್ತನೆ. ಆಮೇಲೆ ಕೂಲಿ, ಬೆಂಗಳೂರಿನ ಗಾರೆ ಕೆಲಸ, ಸಾಯುವ ತಿಂಗಳವರೆಗೂ ಕೂಲಿ.

ಅಪ್ಪ ಸತ್ತದ್ದು ಎರಡು ವರ್ಷದ ಹಿಂದೆ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಊರಿಗೆ ಬಂದು ಹೋದ ಮೇಲೆ ಅವನು ತಮಟೆಯನ್ನು ಗೋಡೆಗೆ ನೇತುಹಾಕಿದ್ದ. ಇನ್ನು ಯಾರ ಹೆಣದ ಮುಂದೆಯೂ ಬಡಿಯುವುದಿಲ್ಲ ಎಂದು. ಅದಕ್ಕಾಗಿ ಏಟನ್ನೂ ತಿಂದಿದ್ದ. ಅವನು ಸತ್ತ ದಿನ ಅವ್ವ ಆ ತಮಟೆ ಇಳಿಸಿ ಚಿಕ್ಕಪ್ಪನ ಕೈಗೆ ಕೊಟ್ಟಳು. ನಾನು ಅಡ್ಡ ನಿಂತೆ. ಅದು ಗುಲಾಮಗಿರಿಯ ಸದ್ದು, ಅಪ್ಪನೇ ಬಿಟ್ಟದ್ದು, ಬೇಡ ಎಂದೆ.

"ಊರ್ನೋರ್ ಸಾವ್ಗೆಲ್ಲ ಬಡ್ದವ್ನು ಕನಪ್ಪ ನಿಮ್ಮಪ್ಪ. ಅವ್ನ್‌ನ ಸದ್ದಿಲ್ದೆ ಕಳ್ಸದಾ?" ಎಂದಳು ಅವ್ವ.

ನನ್ನ ಹತ್ತಿರ ಉತ್ತರವಿರಲಿಲ್ಲ. ಚಿಕ್ಕಪ್ಪ ಹುಲ್ಲು ಉರಿಸಿ ತಮಟೆ ಕಾಯಿಸಿದ. ಬಡಿದ.

ಹನ್ನೊಂದನೇ ದಿನದ ತಿಥಿಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ ಎಡೆಗಿಟ್ಟರು. ಪಕ್ಕದಲ್ಲಿ ನಾನು ಬಾಬಾಸಾಹೇಬರ ಫೋಟೋ ಇಟ್ಟೆ. ಇಟ್ಟಮೇಲೆ ಕಸಿವಿಸಿಯಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡೆನು, ಪಿಂಡ ಇಡೆನು ಎಂಬುದೂ ಇದೆ. ಬ್ರಾಹ್ಮಣರಿಂದ ಯಾವ ವಿಧಿಯನ್ನೂ ಮಾಡಿಸೆನು ಎಂಬುದೂ ಇದೆ. ಹುಟ್ಟು, ಮದುವೆ, ಸಾವು ಇವುಗಳ ಹೊತ್ತಿನಲ್ಲೇ ಧರ್ಮ ನಮ್ಮನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಹಾಗಾದರೆ ಅವ್ವನ ಎಡೆ ಶ್ರಾದ್ಧವೇ?

ನಾನು ಯೋಚಿಸಿದ ಮಟ್ಟಿಗೆ ಅಲ್ಲ. ಅಲ್ಲಿ ಪುರೋಹಿತನಿಲ್ಲ, ಮಡಿಯಿಲ್ಲ, ಪಿತೃಲೋಕದ ನಂಬಿಕೆಗಿಂತ ಅಪ್ಪನ ಬಾಯಿರುಚಿಯ ನೆನಪು ಹೆಚ್ಚು. ಆದರೆ ಇದನ್ನು ದಲಿತ ಸಂಸ್ಕೃತಿಯ ಅನನ್ಯತೆ ಎಂದು ಕೊಂಡಾಡಿ ಮುಗಿಸುವುದೂ ಮೋಸ. ಆ ತಿಥಿಗೆ ಅವ್ವ ಮಹಿಳಾ ಸಂಘದಲ್ಲಿ ತೆಗೆದ ಸಾಲ ಇನ್ನೂ ಕಟ್ಟುತ್ತಿದ್ದಾಳೆ. ನಮ್ಮ ಆಚರಣೆಗಳನ್ನೂ ನಾವು ತೂಗಲೇಬೇಕು. ತೂಗುವ ತಕ್ಕಡಿ ಮಾತ್ರ ನಮ್ಮದಿರಬೇಕು.

ಇನ್ನೊಂದು ಕಡೆ, ನಗರದಲ್ಲಿ ಸೈಟು ಕೊಂಡ ನಮ್ಮವರೇ ಗೃಹಪ್ರವೇಶಕ್ಕೆ ಹೋಮ ಹಾಕಿಸುತ್ತಿದ್ದಾರೆ, ಮಗುವಿನ ನಾಮಕರಣಕ್ಕೆ ಜಾತಕ ಬರೆಸುತ್ತಿದ್ದಾರೆ. ಎಂ.ಎನ್. ಶ್ರೀನಿವಾಸ್ ಇದನ್ನೇ ಸಂಸ್ಕೃತೀಕರಣ ಎಂದು ಕರೆದರು. ನನಗೆ ಅವರ ಮೇಲೆ ನಗು ಬರುವುದಿಲ್ಲ. 'ಸಂಸ್ಕಾರ ಇಲ್ಲದವರು' ಎಂಬ ಬೈಗುಳವನ್ನು ಸಾವಿರ ಸಲ ಕೇಳಿದವರು ಅದರಿಂದ ಪಾರಾಗಲು ಕಾಸು ಕೊಟ್ಟು ಸಂಸ್ಕಾರ ಕೊಳ್ಳುತ್ತಿದ್ದಾರೆ, ಅಷ್ಟೆ. ಆದರೆ ನಮ್ಮನ್ನು ಲೆಕ್ಕಕ್ಕೇ ಹಿಡಿಯದ ಪಟ್ಟಿಯಲ್ಲಿ ಕಡೆಯ ಸಾಲಿಗೆ ಹೆಸರು ಬರೆಸಿಕೊಂಡರೆ ಬೈಗುಳ ನಿಲ್ಲುತ್ತದೆಯೇ?

ದಲಿತ ವಿಮರ್ಶೆ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. 'ಮನುಷ್ಯನ ಬದುಕು' ಎಂದು ಕೃತಿ ಹೇಳಿದಾಗ, ವಿಮರ್ಶಕ ಹೇಳಿದಾಗ, ಯಾರ ಬದುಕಿನ ಹಂತ, ಯಾರ ಸಾವಿನ ಸಂಕಟ ಎಂದು ಕೇಳಬೇಕು. ಜೀತ, ಗುಳೆ, ಸಂಘ, ನೀಲಗಾರರ ದೀಕ್ಷೆ, ಮನೆಯ ಮೊದಲ ಎಸ್ಸೆಸ್ಸೆಲ್ಸಿ ಇವೆಲ್ಲ ನಮ್ಮ ಹಂತಗಳು. ಇವಕ್ಕೆ ಸೂತ್ರ ಬರೆದವರಿಲ್ಲ. ಕತೆಗಳಲ್ಲಿ, ತಂಬೂರಿಯ ಪದಗಳಲ್ಲಿ ಇವೆ. ಅಲ್ಲಿಂದಲೇ ನಮ್ಮ ಪರಿಭಾಷೆ ಬರಬೇಕು.

ಆ ಹುಡುಗನನ್ನು ಆಮೇಲೆ ಲೈಬ್ರರಿಯ ಹತ್ತಿರ ಕಂಡೆ. "ನೀನು ಕೇಳಿದ್ದು ಸರಿ ಕನಪ್ಪ, ಅದನ್ನೇ ಬರಿ" ಎಂದೆ. "ಬರುದ್ರೆ ಮಾರ್ಕ್ಸ್ ಕೊಡ್ತಾರಾ ಸಾರ್?" ಎಂದ. ಕೊಡುವವರು ನಾವಾಗುವ ತನಕ ಕೊಡಲಾರರು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.