ಹೂ ಬಿಡುವ ತನಕ ಕಾಯಿರಿ

ಈ ವಾರ ಎರೆಗೊಬ್ಬರದ ವಿಷಯ ಬರೆಯುವುದೆಂದು ಹೇಳಿಯಾಗಿತ್ತು. ಆದರೆ ಆಷಾಢಕ್ಕೆ ಮೊದಲೇ ಗೃಹಪ್ರವೇಶ ಮುಗಿಸುವ ಅವಸರ ಎಲ್ಲ ಕಡೆ ಕಾಣುತ್ತಿದೆ. ಹಳೆಯ ಮನೆ ಕೊಂಡವರು ಹಿತ್ತಲನ್ನು ‘ಕ್ಲೀನ್’ ಮಾಡಿಸುವುದೂ ಇದೇ ದಿನಗಳಲ್ಲಿ. ಗೊಬ್ಬರದ ಮಾತು ಒಂದು ವಾರ ತಡೆದೀತು, ಹಿತ್ತಲು ತಡೆಯದು.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯಂಥ ಕಡೆ ಹಳೆಯ ಮನೆಗಳ ಹಿತ್ತಲಲ್ಲಿ ಕಣ್ಣಿಗೆ ಬೀಳುವ ಗಿಡಗಳ ಜೊತೆಗೆ ನೆಲದೊಳಗೆ ಮಲಗಿದವೂ ಇರುತ್ತವೆ. ಫುಟ್‌ಬಾಲ್ ಲಿಲ್ಲಿಯ ಎಲೆ ಚಳಿಗಾಲದಲ್ಲಿ ಬಾಡಿ ಮಾಯವಾಗುತ್ತದೆ. ಬೇಸಿಗೆಯ ಮಳೆ ಬಿದ್ದ ಬೆನ್ನಲ್ಲೇ ಗಡ್ಡೆಯಿಂದ ದಂಟು ಎದ್ದು ಕೆಂಪು ಚೆಂಡು ಅರಳುತ್ತದೆ. ಗೌರಿ ಹೂವಿನ ಬಳ್ಳಿಯದೂ ಇದೇ ಕ್ರಮ: ಮಳೆಗಾಲಕ್ಕೆ ಚಿಗುರಿ, ಎಲೆಯ ತುದಿಯನ್ನೇ ಕುಡಿಯಾಗಿಸಿ ಆಸರೆ ಹಿಡಿದು ಹತ್ತಿ, ಗೌರಿ ಹಬ್ಬದ ಆಸುಪಾಸಿನಲ್ಲಿ ಹಳದಿ–ಕೆಂಪಾಗಿ ಹೂ ಬಿಡುತ್ತದೆ. ಅದಕ್ಕೆ ಮೊದಲೇ ನೆಲ ಅಗೆಸಿ ಹುಲ್ಲುಹಾಸು ಹಾಸಿದವರಿಗೆ ತಾವು ಕಳೆದುಕೊಂಡದ್ದು ಏನೆಂದೇ ತಿಳಿಯುವುದಿಲ್ಲ. ಗೌರಿ ಹೂವಿನ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಕಡುವಿಷವಿದೆ. ಗೆಣಸೆಂದು ತಿಂದು ಪ್ರಾಣ ಬಿಟ್ಟವರಿದ್ದಾರೆ. ಗಿಡದ ಗುರುತು ಹಿಡಿಯುವುದು ಬರೀ ಹವ್ಯಾಸದ ಮಾತಲ್ಲ ಎನ್ನುವುದು ಇದಕ್ಕೇ.

ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಹೆಸರು ಬರುತ್ತದೆ ಎನ್ನುವವರು ಈಗ ಹೆಚ್ಚಿದ್ದಾರೆ. ಹೂವಿದ್ದಾಗ ಗೂಗಲ್ ಲೆನ್ಸ್ ಒಳ್ಳೆಯ ಸುಳಿವು ಕೊಡುತ್ತದೆ, ನಿಜ. ಬರೀ ಎಲೆ ತೋರಿಸಿ ಪಡೆದ ಉತ್ತರವನ್ನು ಮಾತ್ರ ನೆಚ್ಚಬಾರದು. ಫೋಟೊ ಮೂಸಲು ಬರುವುದಿಲ್ಲ, ಚಿವುಟಲು ಬರುವುದಿಲ್ಲ. ನಂದಿಬಟ್ಟಲು, ಹಳದಿ ಕಣಗಿಲೆ ಒಂದೇ ಕುಟುಂಬದವು. ಚಿವುಟಿದರೆ ಎರಡರಲ್ಲೂ ಹಾಲು ಒಸರುತ್ತದೆ. ನಂದಿಬಟ್ಟಲಿನ ಎಲೆಗಳು ಎದುರುಬದುರು. ಹಳದಿ ಕಣಗಿಲೆಯವು ಕಿರಿದಾಗಿ, ಒಂದೊಂದಾಗಿ ಕಾಂಡವನ್ನು ಸುತ್ತುತ್ತವೆ. ಕೆಂಪು ಕಣಗಿಲೆಯಲ್ಲಿ ಸಾಮಾನ್ಯವಾಗಿ ಗೆಣ್ಣಿಗೆ ಮೂರು. ಕಣಗಿಲೆಗಳೆರಡೂ ಹೃದಯದ ಬಡಿತವನ್ನೇ ಕೆಡಿಸುವ ವಿಷದ ಗಿಡಗಳು, ಆದ್ದರಿಂದ ಹಾಲು ಬಂದ ಗಿಡವನ್ನು ನಾಲಗೆಗೆ ತಾಗಿಸಬಾರದು, ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಹಕ್ಕಿಗಳು ಬಿತ್ತಿದ ಬೇವು, ಕರಿಬೇವಿನ ಸಸಿಗಳಿಗೆ ಇಷ್ಟು ಶ್ರಮವೂ ಬೇಡ. ಎಲೆ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ.

ಆದರೆ ಕೊನೆಯ ತೀರ್ಪು ಹೂವಿನದೇ. ಬಿಸಿಲು, ನೆರಳು, ನೀರಿಗೆ ತಕ್ಕಂತೆ ಎಲೆಯ ಗಾತ್ರ ಬದಲಾಗುತ್ತದೆ, ಹೂವಿನ ರಚನೆ ಅಷ್ಟು ಸುಲಭಕ್ಕೆ ಬದಲಾಗದು. ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಕೇಸರಗಳನ್ನು ಎಣಿಸಿ ಗಿಡಗಳನ್ನು ವಿಂಗಡಿಸಿದ. ಆ ಪದ್ಧತಿಯನ್ನು ಮುಂದಿನವರು ಕೈಬಿಟ್ಟರು, ಹೂ ನೋಡುವುದನ್ನು ಬಿಡಲಿಲ್ಲ. ಸಾಲ್ಡಾನ ಮತ್ತು ನಿಕಲ್ಸನ್ ಅವರು 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ಇಂದಿಗೂ ಗಿಡ ಬಲ್ಲವರ ಮೇಜಿನ ಮೇಲಿದೆ. ಕನ್ನಡದಲ್ಲಿ ಈ ಹುಚ್ಚು ಹತ್ತಿಸಿದವರು ಬಿ.ಜಿ.ಎಲ್. ಸ್ವಾಮಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿಡವನ್ನು ಅದು ಬೆಳೆದ ಜಾಗ, ಜನ ಬಳಸುವ ರೀತಿ, ಊರಿನ ಕತೆಗಳ ಸಮೇತ ನೋಡುವುದನ್ನು ಆ ಪುಸ್ತಕದಿಂದಲೇ ಕಲಿಯಬೇಕು.

ಹೊಸದಾಗಿ ಬಂದವರು ಒಂದು ವರ್ಷ ಏನನ್ನೂ ಕೀಳಿಸದಿರಲಿ. ಗಿಡ ಇರುವ ಜಾಗ, ಹೂ ಬಿಟ್ಟ ತಿಂಗಳು, ಬಂದುಹೋದ ಹಕ್ಕಿ–ಚಿಟ್ಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಮನೆ ಮಾರಿದವರಿಗೆ ಫೋನ್ ಮಾಡಲಿ. ಪಕ್ಕದ ಮನೆಯ ಅಜ್ಜಿಯನ್ನು ಕಾಂಪೌಂಡಿನ ಬಳಿ ಕರೆದು ಕೇಳಲಿ. ಕೊಂಬೆ ಕಡಿದುಕೊಂಡು ನೆಟ್ಟ ಕೈ ಯಾರದೆಂಬುದೂ ಆಕೆಗೆ ಗೊತ್ತಿರುತ್ತದೆ.

ಕಾಯುವ ಈ ನಿಯಮ ಪಾರ್ಥೇನಿಯಂಗೆ ಸಲ್ಲದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹರಡಿದ ಈ ಕಳೆಯ ಸೀಳೆಲೆ ಕಂಡ ಕೂಡಲೇ ಕೈಗವಸು ತೊಟ್ಟು, ಬಿಳಿ ಹೂ ಮೂಡುವ ಮೊದಲೇ ಬೇರುಸಹಿತ ಕಿತ್ತುಹಾಕಿ.