ಕೊಲ್ಲಾಪುರದಲ್ಲಿ ಬಾಯಿಬಿಟ್ಟ ಕನ್ನಡ

‘ವಾರ್ಮಿಂಗ್ ಅಪ್’ ಬಗ್ಗೆ ಬರೆಯಲು ಕೂತೆ. ಅಮೆರಿಕದ ಪ್ಯಾರಮೌಂಟ್ ಕಂಪನಿ 1928ರಲ್ಲಿ ಧ್ವನಿ ಜೋಡಿಸಿ ಹೊರತಂದ ಮೊದಲ ಪೂರ್ಣಪ್ರಮಾಣದ ಚಿತ್ರವದು. ಬೇಸ್‌ಬಾಲ್ ಆಟಗಾರನ ಕಥೆ. ಸಂಗೀತ ಉಂಟು, ಸದ್ದು ಉಂಟು, ಮಾತು ಮಾತ್ರ ಇಲ್ಲ. ಪ್ಯಾರಮೌಂಟ್ ಎಂದು ಬರೆದದ್ದೇ ತಡ, ಮನಸ್ಸು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯಿದ್ದ ಅದೇ ಹೆಸರಿನ ಟಾಕೀಸಿಗೆ ಓಡಿತು. 1934ರ ಮಾರ್ಚ್ 3ರಂದು ‘ಸತಿ ಸುಲೋಚನ’ ತೆರೆಕಂಡದ್ದು ಅಲ್ಲಿ. ಬೇಸ್‌ಬಾಲ್ ಇನ್ನೊಂದು ವಾರಕ್ಕಿರಲಿ.

ಮೊದಲು ತೆರೆಕಂಡ ಈ ಕನ್ನಡ ವಾಕ್ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ.ವಿ. ರಾವ್. ಕೊಲ್ಲಾಪುರ ಚಿತ್ರನಿರ್ದೇಶಕ ಬಾಬುರಾವ್ ಪೇಂಟರ್ ಅವರ ಊರು. ಮರಾಠಿಯ ಮೊದಲ ವಾಕ್ಚಿತ್ರ ‘ಅಯೋಧ್ಯೆಚಾ ರಾಜಾ’ವನ್ನು 1932ರಲ್ಲಿ ಕೊಟ್ಟ ಪ್ರಭಾತ್ ಕಂಪನಿ ಹುಟ್ಟಿದ ಊರೂ ಹೌದು. ಸಿನಿಮಾ ಕೆಲಸ ಬಲ್ಲ ಕೈಗಳು ಅಲ್ಲಿ ಬೇಕಾದಷ್ಟಿದ್ದವು. ಕಂಠಗಳು ಮಾತ್ರ ಕರ್ನಾಟಕದಿಂದ ಹೋದವು.

ಆ ಕಾಲದ ಚಿತ್ರಗಳೆಂದರೆ ಕ್ಯಾಮೆರಾ ಮುಂದೆ ಆಡಿದ ಕಂಪನಿ ನಾಟಕ ಎಂದು ಮೂಗು ಮುರಿಯುವ ವಿಮರ್ಶಕರ ಜೊತೆ ನನ್ನ ಜಗಳ ಹಳೆಯದು. ಹಿನ್ನೆಲೆ ಗಾಯನ ಆಗಿನ್ನೂ ಬಂದಿರಲಿಲ್ಲ. ಕ್ಯಾಮೆರಾ ಓಡುವಾಗಲೇ ನಟ ಹಾಡಬೇಕು, ಅಭಿನಯಿಸಬೇಕು. ಶ್ರುತಿ ತಪ್ಪಿದರೆ ಮತ್ತೆ ಮೊದಲಿನಿಂದ. ಮೈಕಿಲ್ಲದೆ ಕೊನೆಯ ಸಾಲಿಗೆ ಪದ ಮುಟ್ಟಿಸಿ ಪಳಗಿದವರಿಗಲ್ಲದೆ ಇದು ಯಾರಿಗೆ ಸಾಧ್ಯವಿತ್ತು? ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾವ್ ಇಬ್ಬರೂ ರಂಗಭೂಮಿಯ ಮಕ್ಕಳು. ಸಂಭಾಷಣೆ, ಹಾಡು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳೂ ನಾಟಕದವರೇ. ನಮ್ಮ ಸಿನಿಮಾಕ್ಕೆ ಮಾತು ಕಲಿಸಿದವರು ಇವರು.

ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಪ್ರಸಂಗ ವಾಲ್ಮೀಕಿಯಲ್ಲಿಲ್ಲ, ಜನ ಕಟ್ಟಿಕೊಂಡದ್ದು. ಅದರಲ್ಲಿ ಇಂದ್ರಜಿತುವಿನ ಕಡಿದ ತೋಳು ಅವನ ಸಾವಿನ ಸುದ್ದಿಯನ್ನು ಹೆಂಡತಿಗೆ ಬರೆದು ತಿಳಿಸುತ್ತದೆ. ಕೊನೆಗೆ ಅವಳ ಮಾತಿಗೆ ಓಗೊಟ್ಟು ರುಂಡ ನಗುತ್ತದೆ. ಮೊದಲು ಅಕ್ಷರ, ಆಮೇಲೆ ಸದ್ದು. ಬರಹ ತೋರಿಸಿ ಕಥೆ ಹೇಳುತ್ತಿದ್ದ ಮೂಕಿಚಿತ್ರ ದನಿ ಪಡೆದ ಹೊತ್ತಿಗೆ ಇದಕ್ಕಿಂತ ತಕ್ಕ ಕಥೆ ಯಾವುದಿತ್ತು!

‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದ ಕನ್ನಡ ಮನೆಗಳ ಅಟ್ಟದಲ್ಲಿ ಆ ಕಾಲದ ಹಾಡಿನ ಪುಸ್ತಕವೋ ಕರಪತ್ರವೋ ಕೈಗೆ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.